ಏಳನೆಯ ತಾಕು

ವಿಷಯ ಹಂಚುವ ದಿನ
ಒಬ್ಬ ಕಬ್ಬು ಹಿಡಿದ, ಒಬ್ಬ ತೊಗರಿ, ಒಬ್ಬ ದ್ರಾಕ್ಷಿ.
ಹಾಜರಿ ಪುಸ್ತಕದ ಕೊನೆಯ ಹೆಸರು ನನ್ನದು.
"ಹೈಮವತಿಗೂ ಹುಲ್ಲಿಗೂ ಒಂದೇ ಅಕ್ಷರ, ತಗೋಳವ್ವ"
ಅಂದರು ಗುರುಗಳು. ಕೋಣೆ ನಕ್ಕಿತು.

ಅವ್ವ ನಗಲಿಲ್ಲ.
"ಹುಲ್ಲ ಬೆಳೀಲಿಕ್ಕೂ ಸಾಲಿ ಕಲೀಬೇಕೇನ?
ಕಿತ್ತು ಕಿತ್ತು ನನ್ನ ಉಗುರ ಸವದಾವು."

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ ನಮ್ಮ ಕಡೆ.
ಕಣಿಕೆಯ ಮಾತು ಗಾದೆಯಲ್ಲಿಲ್ಲ.
ತೆನೆ ಮುರಿದ ಮೇಲೆ ಹೊಲದಲ್ಲಿ ನಿಂತದ್ದು
ಯಾರ ಊಟ, ಎಷ್ಟು ತಿಂಗಳ ಊಟ,
ಅದು ತೀರಿದ ಮೇಲೆ ಏನು?
ಮೂವತ್ತೊಂದು ವರ್ಷ ಇಷ್ಟೇ ಕೇಳಿದೆ,
ವಿಜಯಪುರದ ಹೊರಗೆ, ಕರಿಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು.

ಒಂದು ಮೀಟರಿನ ಕಬ್ಬಿಣದ ಚೌಕ.
ಕಣ್ಣು ಮುಚ್ಚಿ ಒಗೆಯಬೇಕು, ಬಿದ್ದಲ್ಲೇ ಕೊಯ್ಯಬೇಕು.
ಬಂದಗಿಸಾಬ ಕೊಯ್ಯುತ್ತಿದ್ದ, ನಾನು ತೂಗುತ್ತಿದ್ದೆ.
ಕಂದು ಲಕೋಟೆಗೆ ಹಾಕಿ, ಎಪ್ಪತ್ತು ಡಿಗ್ರಿಯ ಓವನ್ನಿನಲ್ಲಿ
ಎರಡು ದಿನ ಇಟ್ಟು, ಮತ್ತೆ ತೂಗು.
ನೀರು ಹೋದ ಮೇಲೆ ಉಳಿದದ್ದೇ ಲೆಕ್ಕ.
ಆ ವಾಸನೆ, ಬಣವಿಯ ಒಳಹೊಟ್ಟೆಯ ಬೆಚ್ಚನೆಯ ವಾಸನೆ,
ನನ್ನ ಸೀರೆಗಳಿಂದ ಇನ್ನೂ ಹೋಗಿಲ್ಲ.

ಹನ್ನೆರಡು ತಾಕು, ಹನ್ನೆರಡು ಬುಡ.
ಅಂಜನ ತಂದದ್ದು ರೈಲು ಹಳಿಯ ಬದಿಯಿಂದ,
ಮಾರ್ವೆಲ್ ಒಂದು ಹಳೆಯ ಬಾವಿಯ ಗೋಡೆಯಿಂದ.
ಏಳನೆಯದು
ಹೆಸರಿಲ್ಲದ ಗೋರಿಗಳ ಸಂದಿಯಿಂದ,
ಕಾವಲುಗಾರನಿಗೆ ಚಹಾ ಕುಡಿಸಿ ಕಿತ್ತದ್ದು.
ಇಳುವರಿಯಲ್ಲಿ ಅದು ಹನ್ನೊಂದನೆಯದು.
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ: ಕೈಬಿಡಬಹುದು.

ಚಿತ್ತಿ ಮಳೆಯ ಒಂದು ರಾತ್ರಿ
ಅಮೋಗಿಯ ಎಮ್ಮೆ ಚಂದ್ರಿ ಬೇಲಿ ಮುರಿದು ಬಂತು.
ಬೆಳಿಗ್ಗೆ ನೋಡಿದರೆ
ನಾನು ಬೀಗುತ್ತಿದ್ದ ಮೂರನೆಯದನ್ನು ಮೂಸಿ ಬಿಟ್ಟಿತ್ತು,
ಒಂಬತ್ತನೆಯದನ್ನು ತುಳಿದು ದಾಟಿತ್ತು,
ಏಳನೆಯದನ್ನು ಬುಡಮಟ್ಟ ಮೇಯ್ದು
ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.
ಪಟಕ ಕೈಯಲ್ಲಿ ಹಿಡಿದು ನಿಂತಿದ್ದ ಅಮೋಗಿ.
ವರ್ಷದ ಅಂಕಿ ಹೋಯಿತೆಂದು ನಾನು ಅತ್ತೆ,
ನಿಜವಾಗಿ ಅತ್ತೆ, ಇಪ್ಪತ್ತೊಂಬತ್ತರ ಹೆಣ್ಣು.

ಬಂದಗಿಸಾಬ ಕುಡಗೋಲು ಮಸೆಯುತ್ತ ಅಂದ:
"ಮೇಡಂ, ಎಲ್ಲಾ ಅಳದ್ರಿ.
ತಿನ್ನಾಕೀನ ಒಂದು ಮಾತ ಕೇಳಲಿಲ್ಲ."

ಮತ್ತೆ ಏಳು ವರ್ಷ. ಈ ಸಲ ಕೇಳಿ ಕೇಳಿ:
ಎಮ್ಮೆಯನ್ನು, ಕಿಲಾರಿ ಹೋರಿಯನ್ನು, ಹಟಮಾರಿ ಆಡನ್ನು.
ಸಮಿತಿಯವರು ವಿಚಾರಿಸಿದರು, ಆಯ್ಕೆ ಹೇಗಾಯಿತು ಎಂದು.
"ಜಾನುವಾರು ರುಚಿ ಪರೀಕ್ಷೆ" ಎಂದೆ. ತಲೆಯಾಡಿಸಿದರು.
ವರದಿಯಲ್ಲಿ ಚಂದ್ರಿಗೆ ಕಾಲಂ ಇರಲಿಲ್ಲ.

ತಳಿಗೆ ಉದ್ದನೆಯ ಸಂಖ್ಯೆ ಕೊಟ್ಟರು.
ಅದು ನನಗೆ ಗೊತ್ತು, ಕಡತಕ್ಕೆ ಗೊತ್ತು.
ಬದುವಿಗೆ ಎರಡು ಬುಡ ಕೇಳಲು ಬಂದವರು
"ಚಂದ್ರಿ ಹುಲ್ಲ ಐತೇನ್ರಿ?" ಅಂದರು.
ಎಲ್ಲರೂ ಬರಲಿಲ್ಲ.
ಕಾಲುವೆ ಬಂದ ಕಡೆ ಕಬ್ಬು ಬಂತು, ಬದುವೂ ಉಳಿಯಲಿಲ್ಲ.
ಕಬ್ಬಿನ ವಾಡಿ ಐತಲ್ರಿ ದನಕ್ಕ, ಸಾಕು ಅಂದರು.
ಅವರ ಜೊತೆ ನಾನು ವಾದಿಸಲಿಲ್ಲ; ಒಂದು ಸಲ ವಾದಿಸಿದೆ,
ಸೋತೆ.

ಇವತ್ತು ಮೇ ಮೂವತ್ತೊಂದು. ಸಾಮಾನು ಒಪ್ಪಿಸುವ ದಿನ.
ತಕ್ಕಡಿ ಒಂದು. ಓವನ್ ಒಂದು, ಬಾಗಿಲು ಸಡಿಲ.
ಚೌಕ ಒಂದು: ತುಕ್ಕು ಹಿಡಿದಿದೆ, ಬಳಸಬಹುದು.
ಕೊಡುವ ಮುಂಚೆ ಒಮ್ಮೆ ಒಗೆದೆ, ಕಣ್ಣು ಮುಚ್ಚಿ.

ಬಿದ್ದದ್ದು ಬರಿಯ ನೆಲಕ್ಕೆ.
ಎರೆಯ ಬಿರುಕಿನೊಳಗೆ ಒಂದು ಮೂಲೆ ಇಳಿದಿತ್ತು.
"ಇನ್ನೊಮ್ಮೆ ಒಗೀರಿ ಮೇಡಂ" ಅಂದಳು
ಬಂದಗಿಸಾಬನ ಮೊಮ್ಮಗಳು, ಹೊಸದಾಗಿ ಸೇರಿದವಳು.
"ಹಂಗ ಒಗಿಯೂಹಂಗಿಲ್ಲ ಮಗಳ" ಎಂದೆ.
ವಹಿ ತೆಗೆಸಿ, ದಿನಾಂಕ ಹಾಕಿಸಿ,
ಸೊನ್ನೆ ಬರೆಸಿದೆ.